ಹೊಲದಲ್ಲಿ ಒಬ್ಬರೇ ಮಲಗುವಾಗ

ಹಿಂಗಾರಿ ಜೋಳಕ್ಕೆ ಹಾಲು ತುಂಬಿ ಸೀತನಿಯ ಹದಕ್ಕೆ ಬಂತೆಂದರೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯ ರೈತನಿಗೆ ಮನೆಯ ಹಾಸಿಗೆ ದೂರವಾಗುತ್ತದೆ. ಹಗಲಿನ ಹಕ್ಕಿಗಳಿಗೆ ಕವಣೆ ಸಾಕು. ಇರುಳಿನ ಕಾಡುಹಂದಿಗೆ ಮನುಷ್ಯನೇ ಹೊಲದಲ್ಲಿರಬೇಕು. ಮುಂದೆ ತೆನೆ ಕಣಕ್ಕೆ ಬಿದ್ದ ಮೇಲೆ ರಾಶಿಯ ಕಾವಲು ಬೇರೆ. ಹಿಂದೆ ಮನೆಯಲ್ಲಿ ನಾಲ್ಕು ಜನ ಗಂಡಸರಿದ್ದರು, ಪಾಳಿಯ ಮೇಲೆ ಹೋಗುತ್ತಿದ್ದರು. ಈಗ ಒಬ್ಬ ಮಗ ಪುಣೆಯಲ್ಲಿ, ಇನ್ನೊಬ್ಬ ಸೊಲ್ಲಾಪುರದಲ್ಲಿ. ಹೊಲಕ್ಕೆ ಒಬ್ಬರೇ ಹೋಗುವ ಕಾಲ ಬಂದಿದೆ. ಹೋದವರು ಅಂಜಿಕೆಯಲ್ಲಿ ಬೆಳಗು ಮಾಡಿ, ಮರುದಿನ ತೂಕಡಿಸುತ್ತಲೇ ರಾಶಿಯ ಯಂತ್ರಕ್ಕೆ ತೆನೆ ಒಡ್ಡಲು ನಿಲ್ಲುತ್ತಾರೆ. ಯಂತ್ರದ ಬಾಯಿಗೆ ಕೈ ಸಿಗುವ ಭಯ ಇಂಥ ದಿನವೇ ಹೆಚ್ಚು. ಆದುದರಿಂದ ಹೊಲದ ನಿದ್ದೆಯ ವಿಚಾರ ಸಣ್ಣದಲ್ಲ.

ಹೊಸ ಜಾಗದಲ್ಲಿ ನಿದ್ದೆ ಬಾರದಿರುವುದು ಪುಕ್ಕಲುತನವೆಂದು ಯಾರೂ ನಾಚಬೇಕಾಗಿಲ್ಲ. ಅಮೆರಿಕೆಯ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಪರಸ್ಥಳದಲ್ಲಿ ಮೊದಲ ರಾತ್ರಿ ಮಲಗಿದವರ ಮಿದುಳಿನ ಎಡಭಾಗವು ಬಲಭಾಗದಷ್ಟು ಗಾಢವಾಗಿ ನಿದ್ರಿಸುವುದಿಲ್ಲ. ಅಪರಿಚಿತ ಸಪ್ಪಳಕ್ಕೆ ಅದು ಬೇಗ ಎಚ್ಚರಗೊಳ್ಳುತ್ತದೆ. ಅದೇ ಜಾಗದಲ್ಲಿ ಇನ್ನೊಮ್ಮೆ ಮಲಗಿದಾಗ ಈ ಭೇದ ಉಳಿದಿರಲಿಲ್ಲ. ಎಂದರೆ ದೇಹ ತನ್ನೊಳಗೇ ಒಬ್ಬ ತಳವಾರನನ್ನು ನಿಲ್ಲಿಸಿರುತ್ತದೆ. ಜಾಗ ರೂಢಿಯಾದರೆ ಅವನೂ ಮಲಗುತ್ತಾನೆ. ಹಂದಿ ಬರುವ ತನಕ ಕಾಯದೆ ನಾಲ್ಕು ದಿನ ಮುಂಚಿನಿಂದಲೇ ಹೊಲದಲ್ಲಿ ಮಲಗಬೇಕು. ದಿನಕ್ಕೊಂದು ಮೂಲೆ ಹುಡುಕದೆ ಒಂದೇ ಜಾಗ, ಒಂದೇ ದಿಕ್ಕಿಗೆ ತಲೆ, ಮನೆಯಲ್ಲಿ ಹೊದ್ದು ಮೈಗೆ ಹೊಂದಿದ ಅದೇ ಕೌದಿ ಇರಲಿ.

ಇನ್ನು ಅಂಜಿಕೆಗಳಲ್ಲಿ ಎರಡು ಬಗೆಯುಂಟು: ಕಾರಣವಿರುವುದು, ಇಲ್ಲದಿರುವುದು. ಕಾರಣವಿರುವ ಅಂಜಿಕೆಗೆ ಧೈರ್ಯ ಹೇಳಿ ಉಪಯೋಗವಿಲ್ಲ, ಉಪಾಯ ಮಾಡಬೇಕು. ಮುಖ್ಯವಾದುದು ಹಾವು. ಅದರಲ್ಲೂ ಕಟ್ಟುಹಾವು, ನಮ್ಮ ನೆರೆಯ ಮರಾಠಿಗರು ಮಣ್ಯಾರ ಎನ್ನುವುದು. ಅದು ಸಂಚರಿಸುವುದೇ ರಾತ್ರಿ; ನೆಲದ ಮೇಲೆ ಮಲಗಿದವರ ಹಾಸಿಗೆಗೇ ಬರುವುದುಂಟು. ಕಚ್ಚಿದರೆ ನೋವಾಗಲಿ ಬಾವಾಗಲಿ ಹೆಚ್ಚಾಗಿ ಇರುವುದಿಲ್ಲ. ರಾತ್ರಿ ಹೊರಗೆ ಮಲಗಿದವರಿಗೆ ನಸುಕಿನಲ್ಲಿ ಹೊಟ್ಟೆನೋವು ಬಂದು, ರೆಪ್ಪೆ ಜೋತು, ಉಗುಳು ನುಂಗಲಾರದೆ ಹೋದರೆ ಗಾಯ ಕಾಣದಿದ್ದರೂ ಹಾವೆಂದೇ ತಿಳಿಯತಕ್ಕದ್ದು. ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಎಲ್ಲ ಬಿಟ್ಟು 108ಕ್ಕೆ ಕರೆಮಾಡಿ ಸರಕಾರಿ ದವಾಖಾನೆ ಸೇರಬೇಕು. ಅಲ್ಲಿಯ ಪ್ರತಿವಿಷ ನಾಗರ, ಮಂಡಲ, ಗರಗಸ ಮಂಡಲಗಳ ಜೊತೆಗೆ ಈ ಹಾವಿಗೂ ತಗಲುತ್ತದೆ.

ಉಪಾಯ ಇಷ್ಟೇ: ಹೊರಸು ಮತ್ತು ಸೊಳ್ಳೆಪರದೆ. ಪರದೆಯೊಳಗೆ ಮಲಗುವವರಿಗೆ ಹಾವು ಕಡಿತ ಕಡಿಮೆಯೆಂದು ಆಗ್ನೇಯ ನೇಪಾಳದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವೊಂದು 2007ರಲ್ಲಿ ತೋರಿಸಿತು. ಪರದೆಯ ಅಂಚನ್ನು ಸುತ್ತಲೂ ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಕೌದಿಯ ತುದಿ ನೆಲಕ್ಕೆ ಇಳಿಬಿದ್ದರೆ ನಾವೇ ಹಾವಿಗೆ ಏಣಿ ಹಾಕಿದಂತೆ. ಕಾಳಿಗೆ ಇಲಿ, ಇಲಿಗೆ ಹಾವು ಬರುವುದರಿಂದ ಕಣಿಕೆಯ ಬಣವಿಗೆ ಒತ್ತಿ ಹೊರಸು ಹಾಕಬಾರದು. ಬ್ಯಾಟರಿ ಪರದೆಯ ಒಳಗೇ ಇರಲಿ. ಇಳಿಯುವ ಮುನ್ನ ನೆಲಕ್ಕೆ ಬೆಳಕು ಬಿಟ್ಟು ನೋಡಿ, ಚೇಳು ಸೇರಿರಬಹುದಾದ ಕೆರವನ್ನು ಝಾಡಿಸಿ ಮೆಟ್ಟಿಕೊಳ್ಳಬೇಕು. ಇಷ್ಟಾದ ಮೇಲೆ ಹಾವಿನ ಚಿಂತೆಯನ್ನು ಪರದೆಗೆ ಬಿಡಬಹುದು.

ಕಾರಣವಿಲ್ಲದ ಅಂಜಿಕೆ ಬಹುಮಟ್ಟಿಗೆ ಕಿವಿಯಿಂದ ಹುಟ್ಟುತ್ತದೆ. ಹಾಲಕ್ಕಿ ನುಡಿದರೆ ಸಾವಿನ ಸುದ್ದಿಯೆಂದು ಎದೆ ಹೊಡೆದುಕೊಳ್ಳುವವರು ಇಂದಿಗೂ ಇದ್ದಾರೆ. ಅದೊಂದು ಸಣ್ಣ ಗೂಬೆ, ಇಲಿ ಹಿಡಿಯುವ ನಮ್ಮ ಬಂಟ. ನಮ್ಮ ಶಾಲೆಯ ಹುಡುಗರು ಹಗಲಿನಲ್ಲಿ ಅದನ್ನು ಮರದ ಪೊಟರೆಯಲ್ಲಿ ಕಂಡ ಮೇಲೆ ಅಂಜುವುದು ಬಿಟ್ಟಿದ್ದಾರೆ. ಟಿಟ್ಟಿಭ ನಡುರಾತ್ರಿ ಚೀರಿದರೆ ನೆಲದ ಮೇಲೆ ಏನೋ ನಡೆದಾಡುತ್ತಿದೆ ಎಂದು ಅರ್ಥ. ಅದು ನರಿಯಾಗಿರಬಹುದು, ನಾಯಿಯಾಗಿರಬಹುದು. ನಾನ್ನಜದ ಹುಲ್ಲುಗಾವಲಿನಲ್ಲಿ ತೋಳಗಳುಂಟು; ಅವು ಸಾಮಾನ್ಯವಾಗಿ ಕುರಿಹಟ್ಟಿಯತ್ತ ಸುಳಿಯುತ್ತವೆಯೇ ಹೊರತು ಮಲಗಿದ ರೈತನತ್ತ ಅಲ್ಲ. ಮೊದಲ ದಿನ ಹೊತ್ತು ಮುಳುಗುವ ಮುನ್ನವೇ ಹೋಗಿ ಕುಳಿತು, ಒಂದೊಂದು ಸಪ್ಪಳಕ್ಕೂ ಹೆಸರು ಹಚ್ಚಿ ನೋಡಿರಿ. ಒಣಗಿದ ಜೋಳದ ಗರಿ ಗಾಳಿಗೆ ಸರಸರ ಎನ್ನುವುದು ಒಂದು, ಪ್ರಾಣಿ ನುಗ್ಗಿದಾಗ ದಂಟು ಮುರಿಯುವುದು ಇನ್ನೊಂದು.

ಹಂದಿಯ ಮಾತಿಗೆ ಬಂದರೆ, ಇಡೀ ರಾತ್ರಿ ಅರೆನಿದ್ದೆಯಲ್ಲಿ ಕಿವಿಗೊಡುವವನಿಗೆ ಕಾವಲೂ ಇಲ್ಲ, ನಿದ್ದೆಯೂ ಇಲ್ಲ. ಮಲಗುವ ಮುನ್ನ ಒಂದು ಸುತ್ತು, ನಡುವೆ ಗೊತ್ತಾದ ಹೊತ್ತಿಗೆ ಮೊಬೈಲಿನ ಗಂಟೆ ಹಚ್ಚಿಟ್ಟು ಇನ್ನೊಂದು ಸುತ್ತು; ನಡುವಿನ ಹೊತ್ತು ನಾಯಿಯ ಪಾಲಿಗಿರಲಿ, ಬದುವಿಗೆ ಕಟ್ಟಿದ ಖಾಲಿ ಡಬ್ಬಿಗಳ ಪಾಲಿಗಿರಲಿ. ಹಂದಿ ಬಂದರೆ ದೂರದಿಂದಲೇ ಕೂಗಿ ಡಬ್ಬಿ ಬಡಿಯಬೇಕು, ಕತ್ತಲಲ್ಲಿ ಎದುರಿಗೆ ಹೋಗಬಾರದು. ಬೇಲಿಯ ತಂತಿಗೆ ಕಂಬದಿಂದ ಕರೆಂಟು ಹಾಯಿಸುವವರನ್ನು ಕಂಡರೆ ನಮಗೆ ಸಿಟ್ಟೇ ಬರುತ್ತದೆ. ಅದು ಕಾನೂನಿಗೆ ವಿರುದ್ಧ; ಹಂದಿಗಿಟ್ಟ ತಂತಿಗೆ ನಿದ್ದೆಗಣ್ಣಿನ ಯಜಮಾನನೇ ಬಲಿಯಾಗಬಹುದು.

ಚಳಿಯೂ ನಿದ್ದೆಯ ವೈರಿಯೇ. ಹೊರಸಿನ ಕೆಳಗೆ ಗಾಳಿ ಆಡುವುದರಿಂದ ಶೀತ ಬೆನ್ನಿನಿಂದಲೇ ಏರುತ್ತದೆ. ಹೊದೆಯಲು ಎರಡಿದ್ದರೆ ಒಂದನ್ನು ಹಾಸಬೇಕು, ಅದರ ಕೆಳಗೆ ಗೋಣಿತಟ್ಟು. ಮೇಲಿನ ಇಬ್ಬನಿಗೆ ಕಂಬಳಿಗಿಂತ ಉತ್ತಮವಾದುದಿಲ್ಲ. ಪಾದ ಬೆಚ್ಚಗಾದರೆ ನಿದ್ದೆ ಬೇಗ ಹತ್ತುತ್ತದೆ. ಚಹವನ್ನು ಮಾತ್ರ ಸಂಜೆಗೇ ಮುಗಿಸಬೇಕು. ಕುಡಿದ ಚಹದ ಸತ್ವ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕಾಗುತ್ತದೆ. ಎಂಟು ಗಂಟೆಗೆ ಕುಡಿದವರು ಒಂದು ಗಂಟೆಗೆ ಚುಕ್ಕೆ ಎಣಿಸುವುದು ಇದರಿಂದಲೇ.

ಎದೆ ಡವಡವ ಎನ್ನತೊಡಗಿದರೆ ಉಸಿರನ್ನು ಒಳಕ್ಕೆ ಎಳೆದುಕೊಂಡುದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಬಿಡಿರಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ಇಳಿಯುವುದು ದೇಹದ ಧರ್ಮ. ಹತ್ತು-ಹದಿನೈದು ಸಲ ಹೀಗೆ ಮಾಡಿದರೆ ಫಲ ಕಾಣುತ್ತದೆ. ಬಹಳ ಹೊತ್ತಾದರೂ ನಿದ್ದೆ ಹತ್ತದಿದ್ದರೆ ಹೊರಳಾಡುತ್ತ ಬಿದ್ದಿರದೆ ಪರದೆಯೊಳಗೇ ಎದ್ದು ಕೂತು, ಕಣ್ಣು ಭಾರವಾದ ಮೇಲೆ ಮತ್ತೆ ಒರಗಬೇಕು. ಮೊಬೈಲಿನ ಚಿತ್ರ ನೋಡುವುದು ಆಗ ಬೇಡ.

ಹೊಲ ಹೊಲದಲ್ಲಿ ಒಬ್ಬೊಬ್ಬರೇ ಇರುವವರು ಮಲಗುವ ಮುನ್ನ ಒಬ್ಬರನ್ನೊಬ್ಬರು ಕೂಗಿ, ಅತ್ತಲಿಂದ ‘ಓ’ ಎನಿಸಿಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ದನಿ ಮುಟ್ಟದಷ್ಟು ದೂರವಿದ್ದರೆ ಫೋನು ಮಾಡಬಹುದು. ಯಾವ ಬದುವಿನ ಹತ್ತಿರ ಹೊರಸು ಹಾಕಿದ್ದೀರೆಂದು ಮನೆಯವರಿಗೂ ತಿಳಿಸಿರಿ. ಬೆಳಿಗ್ಗೆ ಬುತ್ತಿ ತರುವವರು ನೇರ ಅಲ್ಲಿಗೇ ಬರುತ್ತಾರೆ.