ಉತ್ತರನ ಪೌರುಷ ಪೂಲ್ ಟೇಬಲ್ ಮುಂದೆ

ಗದಗಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅನ್ನೋದು ನಾವೆಲ್ಲ ಕೇಳ್ಕೊಂಡೇ ಬೆಳೆದ ಮಾತು. ಆ ಕಾವ್ಯದ ಉತ್ತರಕುಮಾರ ಗೊತ್ತಲ್ಲ? ಹೆಂಗಸರ ಮುಂದೆ ಭೀಷ್ಮ, ದ್ರೋಣ, ಕರ್ಣ ಯಾರೂ ಲೆಕ್ಕಕ್ಕಿಲ್ಲ ಅಂದವನು, ಕೌರವ ಸೈನ್ಯ ಕಣ್ಣಿಗೆ ಬಿದ್ದ ಕೂಡಲೇ ರಥದಿಂದ ಧುಮುಕಿ ಓಡಿದ. ಅವನ ವಂಶ ಇನ್ನೂ ಮುಗಿದಿಲ್ಲ. ಗದಗ-ಬೆಟಗೇರಿ ಇರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇರಲಿ, ಹುಡುಗರು ಆಡೋ ಟೇಬಲ್ ಪಕ್ಕ ಸಂಜೆ ಹತ್ತು ನಿಮಿಷ ನಿಂತು ನೋಡ್ರಿ, ಒಬ್ಬನಾದ್ರೂ ಸಿಗ್ತಾನೆ.

ಅವನನ್ನ ಗುರುತಿಸೋದು ಸುಲಭ. ಚೆಂಡು ಬಿದ್ರೆ ತನ್ನ ಕೈಚಳಕ. ಬೀಳಲಿಲ್ಲ ಅಂದ್ರೆ ಕ್ಯೂ ತುದಿಯ ಚರ್ಮ ಸವೆದದ, ಚಾಕ್ ಹಸಿ ಆಗೇದ, ಫ್ಯಾನ್ ಗಾಳಿ, ಹಿಂದೆ ಯಾರೋ ಕೆಮ್ಮಿದ್ರು. ಎಡಗಡೆ ಮೂಲೆಗೆ ಹೊಡೆದದ್ದು ಎರಡು ಕುಶನ್ ಬಡಿದು ಬಲಗಡೆ ಬಿದ್ರೂ, "ಅಲ್ಲೇ ಹಾಕ್ಬೇಕಂತ ಇದ್ದೆ" ಅಂತಾನೆ. ತಮಾಷೆ ಅಂದ್ರೆ, ಅವನು ಸುಳ್ಳು ಹೇಳ್ತಿಲ್ಲ. ಮರುದಿನಕ್ಕೆ ಅವನಿಗೂ ಅದೇ ನಿಜ ಆಗಿರ್ತದೆ.

ಇದಕ್ಕೊಂದು ಕಾರಣ ಟೇಬಲ್ಲೇ. ಹಳೇ ಟೇಬಲ್ ಒಂದು ಕಡೆ ವಾಲಿರ್ತದೆ, ಬಟ್ಟೆ ಸವೆದಿರ್ತದೆ. ಮೆಲ್ಲಗೆ ಬಿಟ್ಟ ಚೆಂಡು ಯಾವ ತೂತಿನ ಕಡೆ ಹೊರಳ್ತದೆ ಅಂತ ದಿನಾ ಆಡೋವನಿಗೆ ಗೊತ್ತು, ಹೊಸಬನಿಗೆ ಗೊತ್ತಿಲ್ಲ. ನಮ್ಮ ಸಾಫ್ಟ್‌ವೇರ್‌ನೋರು "ನನ್ನ ಕಂಪ್ಯೂಟರ್‌ನಾಗ ಓಡ್ತದಲ್ಲ" ಅಂತಾರಲ್ಲ, ಥೇಟ್ ಅದೇ. ಇವನೇನೋ ಹನ್ನೆರಡು ಅಡಿಯ ಸ್ನೂಕರ್ ಟೇಬಲ್ ಮುಂದೆ ನಿಂತಾಗ ತೂತೇ ಸಣ್ಣದಾಗಿ ಕಾಣ್ತದೆ.

ಅಮೆರಿಕದಲ್ಲಿ ಈ ರೋಗಕ್ಕೆ ಒಬ್ಬ ದೊಡ್ಡ ಮಾದರಿ ಇದ್ದ, ರುಡಾಲ್ಫ್ ವಾಂಡೆರೋನ್. 1961ರಲ್ಲಿ 'ದ ಹಸ್ಲರ್' ಸಿನಿಮಾ ಬಂತು. ಅದರಲ್ಲಿ ಮಿನೆಸೋಟ ಫ್ಯಾಟ್ಸ್ ಅನ್ನೋ ಆಟಗಾರನ ಪಾತ್ರ. "ಆ ಪಾತ್ರ ನಾನೇ" ಅಂತ ವಾಂಡೆರೋನ್ ಸಾರಿಬಿಟ್ಟ. ಕಾದಂಬರಿ ಬರೆದ ವಾಲ್ಟರ್ ಟೆವಿಸ್ ಅಲ್ಲ ಅಂದರೂ ಕೇಳಲಿಲ್ಲ, ಕೊನೇವರೆಗೂ ಅದೇ ಹೆಸರಲ್ಲಿ ಬದುಕಿದ. ದೊಡ್ಡ ಟೂರ್ನಮೆಂಟ್ ಒಂದನ್ನೂ ಗೆದ್ದಿರಲಿಲ್ಲ. 1978ರಲ್ಲಿ ಟಿವಿ ಮುಂದೆ ವಿಲ್ಲಿ ಮೊಸ್ಕೋನಿ ಜೊತೆ ಆಡಿ ಸೋತ. ಮೊಸ್ಕೋನಿ 1954ರಲ್ಲಿ ಒಂದೂ ತಪ್ಪದೆ ಸಾಲಾಗಿ 526 ಚೆಂಡು ಹಾಕಿದವನು. ನಮ್ಮ ಓಣಿ ಹೀರೋ ನಾಲ್ಕು ಹಾಕಿದ್ರೆ ಕಾಲರ್ ಏರಿಸ್ತಾನೆ! ಆದ್ರೂ ವಾಂಡೆರೋನ್ ಮಾತಿನಿಂದಲೇ ದುಡ್ಡು ಮಾಡಿದ, ಅದನ್ನ ಒಪ್ಪಬೇಕು. ನಮ್ಮವರಿಗೆ ಅದೂ ಇಲ್ಲ. ಸೋತೋನು ಬಾಡಿಗೆ ಕೊಡಬೇಕು ಅಂತ ಶುರುವಾದ ಪಂದ್ಯ ಹಣದ ಬಾಜಿಗೆ ತಿರುಗ್ತದೆ, ಪಗಾರ ಕರಗ್ತದೆ. ಜೊತೆಗೆ ಹೊಸದಾಗಿ ಕ್ಯೂ ಹಿಡಿದ ಹುಡುಗನನ್ನ ನಕ್ಕು ನಕ್ಕು ಓಡಿಸ್ತಾರೆ. ನನಗೆ ಸಿಟ್ಟು ಬರೋದು ಇದಕ್ಕೇ.

ಹಂಗಂತ ಸಣ್ಣ ಊರಿನ ತಪ್ಪು ಅನ್ನಬ್ಯಾಡ್ರಿ. ಇದೇ ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗ್ಗೆದ್ದು ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಬರ್ತಿದ್ರಂತೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅವರು 10 ಓವರ್‌ನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತಗೊಂಡ್ರು. ಗದಗಿನ ಓಣಿಯಲ್ಲೇ ಆಡ್ಕೊಂಡು, ನನ್ನ ಸ್ಪಿನ್ ಆಡೋರೇ ಇಲ್ಲ ಅಂತ ಇದ್ದಿದ್ರೆ? ಪಂಕಜ್ ಅಡ್ವಾಣಿಯಂಥ ವಿಶ್ವ ಚಾಂಪಿಯನ್ ಬೆಂಗಳೂರಲ್ಲೇ ಬೆಳೆದವರು. ಅವರ ಆಟದ ವಿಡಿಯೊ ನೋಡಿ, ತಪ್ಪು ಹೊಡೆತ ಹೊಡೆದ ಮೇಲೆ ಚಾಕ್ ಕಡೆ ಗುರಾಯಿಸೋದಿಲ್ಲ, ಸುಮ್ಮನೆ ಹೋಗಿ ಕೂರ್ತಾರೆ.

ನೀವು ಆಡೋರಾಗಿದ್ರೆ ಒಂದು ಕೆಲಸ ಮಾಡಿ. ಒಂದೇ ಚೆಂಡು, ಒಂದೇ ಜಾಗ, ಒಂದೇ ತೂತು. ಹತ್ತು ಸಲ ಹೊಡೀರಿ. ಎಷ್ಟು ಬಿತ್ತು ಅಂತ ಕಾಗದದ ಮೇಲೆ ಬರೀರಿ, ನೆನಪಿನ ಮೇಲೆ ಬಿಡಬ್ಯಾಡ್ರಿ. ತಿಂಗಳು ಬಿಟ್ಟು ಬೇರೆ ಊರಿನ ಟೇಬಲ್ ಮೇಲೆ ಇದನ್ನೇ ಮಾಡಿ. ಚಾಕ್ ಸರಿ ಇಲ್ಲ ಅನ್ನೋದಾದ್ರೆ, ಶುರು ಮಾಡೋಕೂ ಮುಂಚೆ ಬದಲಿಸಿಕೊಳ್ರಿ.