ಅನಾನಸ್ ಕಾಂಡದಲ್ಲಿ ಸುಟ್ಟಗಾಯದ ಔಷಧ

ಅನಾನಸ್ ಹೋಳುಗಳನ್ನು ಒಂದರ ಹಿಂದೊಂದು ತಿನ್ನುತ್ತ ಹೋದರೆ ನಾಲಿಗೆ ಚುರುಗುಟ್ಟುತ್ತದೆ. ಅದೇ ಹಣ್ಣಿನ ಗೊಜ್ಜನ್ನೋ ಮೆಣಸ್ಕಾಯಿಯನ್ನೋ ಎಷ್ಟು ಬಡಿಸಿಕೊಂಡರೂ ಹಾಗಾಗುವುದಿಲ್ಲ. ಹಸಿ ಹಣ್ಣಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಇದಕ್ಕೆ ಒಂದು ಮುಖ್ಯ ಕಾರಣ. ಪ್ರೋಟೀನುಗಳನ್ನು ತುಂಡರಿಸುವುದು ಅದರ ಕೆಲಸ. ನಾಲಿಗೆಯ ಮೇಲ್ಪದರವನ್ನೂ ಅದು ಬಿಡುವುದಿಲ್ಲ. ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೂ ಅದಕ್ಕೆ ಜೊತೆಗೂಡುತ್ತವೆ. ಬೇಯಿಸಿದರೆ ಕಿಣ್ವದ ರಚನೆ ಕೆಟ್ಟು ಅದರ ಶಕ್ತಿ ಹೋಗುತ್ತದೆ.

ಈ ಕಿಣ್ವದ ಕೆಲಸವನ್ನು ಅಡುಗೆಮನೆಯಲ್ಲೇ ನೋಡಬಹುದು. ಬಿಸಿನೀರಿನಲ್ಲಿ ಕರಗಿಸಿದ ಜೆಲಟಿನ್ ಆರಿದ ಮೇಲೆ ಅದಕ್ಕೆ ಹಸಿ ಅನಾನಸ್ ಚೂರುಗಳನ್ನು ಹಾಕಿ ಫ್ರಿಜ್‌ನಲ್ಲಿಡಿ. ಎಷ್ಟು ಹೊತ್ತಾದರೂ ಅದು ಗಟ್ಟಿಯಾಗುವುದಿಲ್ಲ. ಚೂರುಗಳನ್ನು ಚೆನ್ನಾಗಿ ಬೇಯಿಸಿ ಹಾಕಿದರೆ ಗಟ್ಟಿಯಾಗುತ್ತದೆ. ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯ ಕೊಲಾಜೆನ್‌ನಿಂದ ತಯಾರಾದ ಪ್ರೋಟೀನ್. ಬ್ರೊಮೆಲೈನ್ ಅದರ ಉದ್ದನೆಯ ಎಳೆಗಳನ್ನು ಕತ್ತರಿಯಂತೆ ತುಂಡು ಮಾಡುತ್ತದೆ. ಚೈನಾ ಗ್ರಾಸ್ ಮಾತ್ರ ಹಸಿ ಅನಾನಸ್ ಜೊತೆಗೂ ಗಟ್ಟಿಯಾಗುತ್ತದೆ. ಅದು ಪ್ರೋಟೀನ್ ಅಲ್ಲ, ಕಡಲಪಾಚಿಯ ಪಿಷ್ಟದಂಥ ವಸ್ತು.

ವೆನೆಜುವೆಲಾದ ರಸಾಯನ ವಿಜ್ಞಾನಿ ವಿಸೆಂಟೆ ಮಾರ್ಕಾನೊ 1891ರಲ್ಲಿ ಅನಾನಸ್ ರಸದಲ್ಲಿ ಈ ಕಿಣ್ವವನ್ನು ಗುರುತಿಸಿದರು. ಆದರೆ ಹಣ್ಣು ತಿನ್ನುವುದಕ್ಕೆ ಬೇಕು. ಕಿಣ್ವಕ್ಕಾಗಿ ಅದನ್ನು ಹಿಂಡಿದರೆ ಲೆಕ್ಕ ಕೂಡುವುದಿಲ್ಲ. ಗಿಡದ ಕಾಂಡದಲ್ಲಿ ಬ್ರೊಮೆಲೈನ್ ಹಣ್ಣಿಗಿಂತ ಹೆಚ್ಚಾಗಿದೆ ಎಂದು ಗೊತ್ತಾದ ಮೇಲೆ ಚಿತ್ರ ಬದಲಾಯಿತು. ಕಾಂಡದಿಂದ ಇದನ್ನು ತೆಗೆಯುವ ಬಗ್ಗೆ ಸಂಶೋಧಕರಾದ ಹೈನಿಕಿ ಮತ್ತು ಗಾರ್ಟ್ನರ್ 1957ರಲ್ಲಿ ಪ್ರಬಂಧ ಪ್ರಕಟಿಸಿದರು. ಮೊದಲ ಫಸಲು, ಆಮೇಲೆ ಒಂದೆರಡು ಕೂಳೆ ಬೆಳೆ ಮುಗಿದ ಮೇಲೆ ಅನಾನಸ್ ಗಿಡವನ್ನು ಕಿತ್ತುಹಾಕುತ್ತಾರೆ. ಆಗ ಹೊಲದಲ್ಲಿ ರಾಶಿ ಬೀಳುವ ದಪ್ಪ ಕಾಂಡಗಳೇ ಈ ಉದ್ಯಮದ ಕಚ್ಚಾವಸ್ತು.

ಕಾಂಡವನ್ನು ಅರೆದು ಹಿಂಡಿ, ರಸವನ್ನು ಸೋಸಿ, ತಂಪಿನಲ್ಲಿಟ್ಟುಕೊಂಡೇ ಕಿಣ್ವವನ್ನು ಬೇರ್ಪಡಿಸಿ ಪುಡಿ ಮಾಡಬೇಕು. ಬಿಸಿ ತಾಗಿದರೆ ಶ್ರಮವೆಲ್ಲ ವ್ಯರ್ಥ. ಇಲ್ಲಿ ಶುದ್ಧೀಕರಣವೇ ದುಬಾರಿ ಹಂತ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಇದಕ್ಕೊಂದು ಸೌಮ್ಯ ದಾರಿಯನ್ನು ಪರೀಕ್ಷಿಸಿದ್ದಾರೆ. ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಫಾಸ್ಫೇಟ್ ಲವಣ ಬೆರೆಸಿದ ನೀರು ತಾನಾಗಿ ಎರಡು ಪದರಗಳಾಗುತ್ತದೆ. ಅನಾನಸ್‌ನ ಸಾರವನ್ನು ಅದಕ್ಕೆ ಸೇರಿಸಿದರೆ ಬ್ರೊಮೆಲೈನ್ ಮೇಲಿನ ಪದರಕ್ಕೆ ಹೋಗುತ್ತದೆ; ಕತ್ತರಿಸಿದ ಹಣ್ಣನ್ನು ಕಂದಾಗಿಸುವ ಇನ್ನೊಂದು ಕಿಣ್ವ ಕೆಳಗೆ ಉಳಿಯುತ್ತದೆ.

ಇಷ್ಟೆಲ್ಲ ಪಾಡು ಏಕೆಂದು ತಿಳಿಯಲು ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಬೇಕು. ಆಳವಾಗಿ ಸುಟ್ಟ ಚರ್ಮ ಸತ್ತು ಗಟ್ಟಿ ಪದರವಾಗಿ ಗಾಯಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ತೆಗೆಯದಿದ್ದರೆ ಸೋಂಕಿನ ಭಯ. ಶಸ್ತ್ರದಿಂದ ಕೆರೆದು ತೆಗೆದರೆ ರಕ್ತ ಹೋಗುತ್ತದೆ, ಪಕ್ಕದ ಜೀವಂತ ಚರ್ಮವೂ ಕಿತ್ತುಬರುತ್ತದೆ. ಅನಾನಸ್ ಕಾಂಡದ ಕಿಣ್ವಗಳಿಂದ ತಯಾರಿಸಿದ ನೆಕ್ಸೋಬ್ರಿಡ್ ಎಂಬ ಔಷಧವನ್ನು ಜೆಲ್ ರೂಪದಲ್ಲಿ ಗಾಯದ ಮೇಲೆ ಹಚ್ಚಿ ನಾಲ್ಕು ಗಂಟೆ ಬಿಡುತ್ತಾರೆ. ಸತ್ತ ಪದರ ಕರಗಿದ ಮೇಲೆ ಒರೆಸಿ ತೆಗೆಯುತ್ತಾರೆ. ಜೀವಂತ ಚರ್ಮ ಬಹುಮಟ್ಟಿಗೆ ಉಳಿಯುತ್ತದೆ. ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ಸೊರಬ, ಶಿರಸಿ, ಬನವಾಸಿಯ ಸುತ್ತಲೂ ಅನಾನಸ್ ಬೆಳೆಯುತ್ತಾರೆ. ಅಲ್ಲಿಯೂ ಗಿಡ ಕಿತ್ತಾಗ ಕಾಂಡ ಉಳಿಯುತ್ತದೆ. ರಸ ಬೇಗ ಕೆಡುವುದರಿಂದ ಹಿಂಡುವ ಘಟಕ ಹೊಲದ ಹತ್ತಿರವೇ ಇರಬೇಕು. ರೈತರ ಸಹಕಾರ ಸಂಘಗಳೂ ಸಂಶೋಧನಾ ಸಂಸ್ಥೆಗಳೂ ಕೂಡಿ ಯೋಚಿಸಬೇಕಾದ ಕೆಲಸ ಇದು.

ಓದುಗರಿಗೆ ಒಂದು ಎಚ್ಚರಿಕೆ: ಕಾಂಡದಿಂದ ಔಷಧ ಬರುತ್ತದೆಂದು ಸುಟ್ಟಗಾಯಕ್ಕೆ ಅನಾನಸ್ ರಸ ಹಚ್ಚಬೇಡಿ. ಶುದ್ಧೀಕರಿಸಿ, ಪ್ರಮಾಣ ಗೊತ್ತುಮಾಡಿ, ನೋವು ನಿವಾರಕ ಕೊಟ್ಟು ವೈದ್ಯರು ಬಳಸುವ ವಸ್ತು ಅದು. ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಸುಟ್ಟ ಜಾಗಕ್ಕೆ ತಕ್ಷಣ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಆಮೇಲೆ ನೇರ ಆಸ್ಪತ್ರೆಗೆ ಹೋಗಿ.