ಹೆಪ್ಪಿನೊಳಗಿನ ಕಾವಲು

ಕಾಯಿಸದೆ ಇಟ್ಟ ಹಾಲು ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿದ ಹಾಲಾದರೋ ಮರುದಿನವೂ ಉಣ್ಣಲು ಯೋಗ್ಯವಾಗಿರುತ್ತದೆ. ಹುಳಿ ಏರಬಹುದು, ಕೊಳೆಯುವುದಿಲ್ಲ. ಹಾಲನ್ನು ಕೆಡಿಸುವವೂ ಸೂಕ್ಷ್ಮಜೀವಿಗಳೇ, ಮೊಸರಾಗಿಸುವವೂ ಸೂಕ್ಷ್ಮಜೀವಿಗಳೇ. ಹಾಗಿದ್ದರೆ ಈ ವ್ಯತ್ಯಾಸವೇಕೆ?

ಹುಳಿಯಾಗುವ ಈ ಕ್ರಿಯೆಯ ಹಿಂದೆ ಜೀವಾಣುಗಳಿವೆಯೆಂದು 1857ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಸ್ತರ್ ತೋರಿಸಿಕೊಟ್ಟನು. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಈ ಆಮ್ಲವು ಅನ್ಯ ಜೀವಾಣುಗಳ ಪೊರೆಯನ್ನು ದಾಟಿ ಒಳಹೊಕ್ಕು ಅಲ್ಲಿ ಹುಳಿಯನ್ನು ಹೆಚ್ಚಿಸುತ್ತದೆ. ಅದನ್ನು ಹೊರದೂಡುವುದರಲ್ಲಿಯೇ ಅವುಗಳ ಶಕ್ತಿಯೆಲ್ಲ ವ್ಯಯವಾಗಿ ಬೆಳವಣಿಗೆ ಕುಂಠಿತವಾಗುತ್ತದೆ.

ಆದರೆ ಆಮ್ಲವೊಂದೇ ಇವುಗಳ ಆಯುಧವಲ್ಲ. 1933ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿ ವೈಟ್‌ಹೆಡ್ ಒಂದು ವಿಚಿತ್ರವನ್ನು ವರದಿ ಮಾಡಿದನು. ಗಿಣ್ಣು ತಯಾರಿಕೆಗೆ ಬಂದ ಕೆಲವು ಹಾಲಿನಲ್ಲಿ ಹೆಪ್ಪು ಏಳುತ್ತಲೇ ಇರಲಿಲ್ಲ. ಆ ಹಾಲಿನಲ್ಲಿ ಮೊದಲೇ ಸೇರಿದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಯಾವುದೋ ವಸ್ತುವನ್ನು ಸ್ರವಿಸಿ, ತಮ್ಮ ದಾಯಾದಿಗಳನ್ನೇ ತಡೆದಿದ್ದವು! ತಯಾರಕರಿಗೆ ನಷ್ಟವೆನಿಸಿದ್ದು ವಿಜ್ಞಾನಕ್ಕೆ ಲಾಭವಾಯಿತು. ಇಂಥ ವಸ್ತುವಿಗೆ 1947ರಲ್ಲಿ ಇಂಗ್ಲೆಂಡಿನಲ್ಲಿ ‘ನೈಸಿನ್’ ಎಂಬ ಹೆಸರು ಬಂದಿತು. 34 ಅಮೈನೊ ಆಮ್ಲಗಳ ಈ ಕಿರುಸರಪಳಿ ವೈರಿಯ ಜೀವಕೋಶದ ಪೊರೆಯಲ್ಲಿ ರಂಧ್ರಗಳನ್ನು ಕೊರೆಯುತ್ತದೆ. ಒಳಗಿನ ಸಾರ ಸೋರಿ ಅದು ಸಾಯುತ್ತದೆ. ಕುದಿಸಿದರೂ ಸಾಯದ ಬೀಜಾಣುಗಳು ಮೊಳೆತು ಬೆಳೆಯುವುದನ್ನೂ ನೈಸಿನ್ ತಡೆಯುತ್ತದೆ. ಆದುದರಿಂದಲೇ ಸಂಸ್ಕರಿಸಿದ ಗಿಣ್ಣು ಕೆಡದಂತೆ ಇದನ್ನು ಬೆರೆಸುವುದುಂಟು. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯು ಇದರ ಬಳಕೆಗೆ ಸಮ್ಮತಿಯಿತ್ತಿತು.

ಎಲ್ಲ ಹೆಪ್ಪಿನಲ್ಲಿಯೂ ನೈಸಿನ್ ಇರುತ್ತದೆಂದಲ್ಲ. ಕೆಲವು ತಳಿಗಳು ಮಾತ್ರ ಅದನ್ನು ತಯಾರಿಸಬಲ್ಲವು. ಬೂಷ್ಟಿನ ಮೇಲೆ ಅದರ ಆಟ ನಡೆಯದು. ಹೊರಗೆ ಇನ್ನೊಂದು ಪೊರೆಯ ರಕ್ಷಣೆಯುಳ್ಳ ಬ್ಯಾಕ್ಟೀರಿಯಗಳನ್ನೂ ಅದೊಂದೇ ಮಣಿಸಲಾರದು. ಹಸಿಹಾಲಿನಲ್ಲಿ ಸೇರಿಕೊಂಡ ಕೆಲವು ರೋಗಾಣುಗಳು ಮೊಸರಿನ ಹುಳಿಯಲ್ಲಿಯೂ ದಿನಗಟ್ಟಲೆ ಬದುಕಿರಬಲ್ಲವು. ಹುಳಿಯಾದ ಮೊಸರೆಲ್ಲ ನಿರಪಾಯಕಾರಿ ಎಂಬ ನಂಬಿಕೆ ಆದಕಾರಣ ಸರಿಯಲ್ಲ.

ಈ ಕೊರತೆಯನ್ನು ತುಂಬುವುದು ಒಲೆಯೇ. ಹಾಲನ್ನು ಚೆನ್ನಾಗಿ ಉಕ್ಕಿಸಿದಾಗ ರೋಗಾಣುಗಳು ನಾಶವಾಗುತ್ತವೆ. ಆಮೇಲೆ ಬೀಳುವ ಹೆಪ್ಪಿಗೆ ಎದುರಾಳಿಗಳು ಹೆಚ್ಚಾಗಿ ಇರುವುದಿಲ್ಲ. ಪಾಸ್ತರನ ಹೆಸರನ್ನೇ ಕೇಳದ ಮನೆಗಳಲ್ಲಿಯೂ ಈ ಕ್ರಮ ತಪ್ಪುತ್ತಿರಲಿಲ್ಲ. ಬಿಸಿ ಆರುವವರೆಗೆ ಕಾಯಬೇಕು, ಅಷ್ಟೆ. ಸುಡುವ ಹಾಲಿಗೆ ಹಾಕಿದರೆ ಹೆಪ್ಪಿನ ಬ್ಯಾಕ್ಟೀರಿಯಗಳೂ ಸಾಯುತ್ತವೆ.